ಟಾನ್ಸಿಲ್ ತೆಗೆಸಬೇಕೆ? ಮೊದಲು ಜ್ವರದ ಲೆಕ್ಕ ಬರೆದಿಡಿ

1934ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಹನ್ನೊಂದು ವರ್ಷದ 1000 ಶಾಲಾಮಕ್ಕಳ ಟಾನ್ಸಿಲ್ ಸಮೀಕ್ಷೆ ನಡೆಯಿತು. 611 ಮಕ್ಕಳಿಗೆ ಆಗಲೇ ಟಾನ್ಸಿಲ್ ತೆಗೆದಾಗಿತ್ತು. ಉಳಿದ 389 ಮಕ್ಕಳನ್ನು ನೋಡಿದ ವೈದ್ಯರು 174 ಮಂದಿಗೆ ಆಪರೇಷನ್ ಬೇಕೆಂದರು. ‘ಬೇಡ’ ಎನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದಾಗ ಅವರಲ್ಲೂ 99 ಮಂದಿಗೆ ಬೇಕು ಎಂದಾಯಿತು. ಅದರಲ್ಲೂ ಪಾರಾದ 116 ಮಕ್ಕಳನ್ನು ಇನ್ನೊಮ್ಮೆ ಪರೀಕ್ಷಿಸಿದರೆ, 51 ಮಂದಿಗೆ ಬೇಕಂತೆ! ಸುತ್ತು ಯಾವುದಾದರೂ ಸರಿ, ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳು ಆಪರೇಷನ್ ಪಟ್ಟಿಗೆ ಸೇರುತ್ತಿದ್ದರು.

ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದ ಮಾತ್ರಕ್ಕೆ ತೀರ್ಮಾನಿಸುವ ವಿಷಯ ಇದಲ್ಲ. ರೋಗಾಣುಗಳನ್ನು ಎದುರಿಸುವ ಅಂಗಾಂಶವಾದ ಟಾನ್ಸಿಲ್ ಚಿಕ್ಕ ಮಕ್ಕಳಲ್ಲಿ ದೊಡ್ಡದಾಗಿಯೇ ಇರುತ್ತದೆ, ಬೆಳೆಯುತ್ತ ಹೋದಂತೆ ತಾನಾಗಿ ಕುಗ್ಗುತ್ತದೆ.

ಹಾಗಾದರೆ ಅಳತೆಗೋಲು ಯಾವುದು? ಅಮೆರಿಕದ ಪಿಟ್ಸ್‌ಬರ್ಗ್‌ನ ಮಕ್ಕಳ ತಜ್ಞ ಜ್ಯಾಕ್ ಪ್ಯಾರಡೈಸ್ ತಂಡ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕವನ್ನೇ ವೈದ್ಯರು ಇಂದಿಗೂ ಬಳಸುತ್ತಾರೆ. ಒಂದು ವರ್ಷದಲ್ಲಿ ಏಳು ಸಲ, ಇಲ್ಲವೇ ಸತತ ಎರಡು ವರ್ಷ ವರ್ಷಕ್ಕೆ ಐದು ಸಲ, ಇಲ್ಲವೇ ಸತತ ಮೂರು ವರ್ಷ ವರ್ಷಕ್ಕೆ ಮೂರು ಸಲ ಗಂಟಲು ಬೇನೆ ಬಂದಿರಬೇಕು. ಬರೀ ನೋವು ಲೆಕ್ಕಕ್ಕಿಲ್ಲ. ಅದರ ಜೊತೆಗೆ 101 ಡಿಗ್ರಿ ಮೀರಿದ ಜ್ವರ, ಟಾನ್ಸಿಲ್ ಮೇಲೆ ಕೀವು, ಕತ್ತಿನ ಗಂಟುಗಳ ಊತ, ಸ್ಟ್ರೆಪ್ (ಗಂಟಲಿಗೆ ಸೋಂಕು ತರುವ ಬ್ಯಾಕ್ಟೀರಿಯಾ) ಪರೀಕ್ಷೆ ಪಾಸಿಟಿವ್, ಇವುಗಳಲ್ಲಿ ಒಂದಾದರೂ ಇರಬೇಕು. ಪ್ರತಿ ಸಲವೂ ವೈದ್ಯರ ಚೀಟಿಯಲ್ಲಿ ದಾಖಲಾಗಿರಬೇಕು. ಇಷ್ಟು ತೀವ್ರ ತೊಂದರೆಯಿದ್ದ ಮಕ್ಕಳಿಗೆ ಆಪರೇಷನ್‌ನಿಂದ ಮುಂದಿನ ಎರಡು ವರ್ಷ ಲಾಭವಾಯಿತು. ಸ್ವಾರಸ್ಯವೆಂದರೆ, ಆಪರೇಷನ್ ಮಾಡಿಸದೆ ಬಿಟ್ಟ ಮಕ್ಕಳಲ್ಲೂ ಅನೇಕರಿಗೆ ತೊಂದರೆ ಕಡಿಮೆಯಾಗಿತ್ತು.

ನಮ್ಮಲ್ಲಿ ‘ಪದೇ ಪದೇ ಜ್ವರ’ ಎಂದ ಕೂಡಲೇ ಟಾನ್ಸಿಲ್ ಮೇಲೆ ಅನುಮಾನ. ಎಲ್‌ಕೆಜಿಗೆ ಸೇರಿದ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ-ಜ್ವರ ಬರುವುದು ಮಾಮೂಲು. ಮೂಗು ಸೋರಿ ಕೆಮ್ಮೂ ಇದ್ದರೆ ಅದು ಬಹುತೇಕ ವೈರಸ್ಸಿನ ಕೆಲಸ. ಗಂಟಲು ಚೆನ್ನಾಗಿದ್ದೂ ಜ್ವರ ಮರುಕಳಿಸಿದರೆ ಮೂತ್ರದ ಸೋಂಕು, ಟೈಫಾಯ್ಡ್, ಮಲೇರಿಯಾ, ಕ್ಷಯಗಳನ್ನು ಹುಡುಕಬೇಕೇ ಹೊರತು ಕತ್ತರಿಯನ್ನಲ್ಲ.

ಒಂದು ವಿಚಿತ್ರ ಜ್ವರವಂತೂ ಗಡಿಯಾರ ಇಟ್ಟುಕೊಂಡೇ ಬರುತ್ತದೆ. 1987ರಲ್ಲಿ ಮೊದಲು ವರದಿಯಾದ ಇದಕ್ಕೆ ಪಿಎಫ್‌ಎಪಿಎ ಎಂದು ಹೆಸರು. ಮೂರರಿಂದ ಆರು ವಾರಕ್ಕೊಮ್ಮೆ ಜೋರು ಜ್ವರ, ಬಾಯಿಹುಣ್ಣು, ಗಂಟಲು ನೋವು, ಕತ್ತಿನ ಗಂಟು. ನಡುವಿನ ದಿನಗಳಲ್ಲಿ ಮಗು ಗಟ್ಟಿಮುಟ್ಟು. ಆಂಟಿಬಯೋಟಿಕ್‌ಗೆ ಬಗ್ಗದ ಈ ಜ್ವರ ಒಂದೇ ಡೋಸ್ ಸ್ಟಿರಾಯ್ಡ್‌ಗೆ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಇಂಥ ಮಕ್ಕಳಲ್ಲಿ ಬಹುಪಾಲಿಗೆ ಟಾನ್ಸಿಲ್ ತೆಗೆದರೆ ಜ್ವರವೇ ನಿಲ್ಲುತ್ತದೆ. ತೆಗೆಯದಿದ್ದರೂ ಹಲವರಿಗೆ ವಯಸ್ಸಾದಂತೆ ವಾಸಿಯಾಗುತ್ತದೆ.

ಗೊರಕೆ ಹೊಡೆಯುತ್ತ ನಿದ್ದೆಯಲ್ಲಿ ಉಸಿರು ನಿಂತುನಿಂತು ಬರುವ ಮಗುವಿನ ವಿಷಯ ಬೇರೆ. ಅಲ್ಲಿ ಜ್ವರದ ಲೆಕ್ಕ ಬೇಡ, ಬೇಗ ಇಎನ್‌ಟಿ ತಜ್ಞರಿಗೆ ತೋರಿಸಿ.

ಸ್ಟ್ರೆಪ್ ಸೋಂಕಿನಿಂದ ಹೃದಯದ ಕವಾಟ ಕೆಡುತ್ತದೆಂಬ ಭಯ ಸುಳ್ಳಲ್ಲ. ಆದರೆ ಅದನ್ನು ತಡೆಯುವುದು ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್. ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಹತ್ತು ದಿನ, ಪೂರ್ತಿ ಕೊಡಬೇಕು.

ಆಪರೇಷನ್ನೇ ಸರಿ ಎಂದಾದರೆ ಹೆದರಬೇಕಿಲ್ಲ, ಆದರೆ ಎಚ್ಚರವಿರಲಿ. ರಕ್ತಸ್ರಾವ ಮೊದಲ ದಿನ ಆಗಬಹುದು, ಇಲ್ಲವೇ ಗಾಯದ ಹೊಪ್ಪಳೆ ಉದುರುವ ಐದರಿಂದ ಹತ್ತನೇ ದಿನದೊಳಗೆ. ಮಗು ರಕ್ತ ಉಗುಳಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.