ಹುಡುಕಾಟದಲ್ಲಿ ಪದದ ತೂಕ

ಶೋಧಯಂತ್ರದಲ್ಲಿ ನಾಲ್ಕು ಪದ ಬರೆದು ಗುಂಡಿ ಒತ್ತಿದರೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ಪುಟಗಳ ಪಟ್ಟಿ ಬಂದು ನಿಲ್ಲುತ್ತದೆ. ಆ ಕ್ಷಣದಲ್ಲಿ ಯಂತ್ರವೇನೂ ಲೋಕದ ಜಾಲತಾಣಗಳನ್ನೆಲ್ಲ ಓದಿ ಬರುವುದಿಲ್ಲ. ಓದು ಮೊದಲೇ ಮುಗಿದಿರುತ್ತದೆ. ಕ್ರಾಲರ್ ಎಂಬ ತಂತ್ರಾಂಶ ಕೊಂಡಿಯಿಂದ ಕೊಂಡಿಗೆ ದಾಟುತ್ತ ಪುಟಗಳನ್ನು ಕಲೆಹಾಕಿರುತ್ತದೆ. ಯಾವ ಪದ ಯಾವ ಪುಟದಲ್ಲಿ, ಎಷ್ಟನೆಯ ಸ್ಥಾನದಲ್ಲಿದೆ ಎಂಬ ಪದಸೂಚಿಯೂ ತಯಾರಾಗಿರುತ್ತದೆ. ಈ ಉಪಾಯ ಹಳೆಯದು. ಪ್ಯಾರಿಸ್‌ನ ಡೊಮಿನಿಕನ್ ಸನ್ಯಾಸಿಗಳು 13ನೇ ಶತಮಾನದಲ್ಲೇ ಬೈಬಲಿಗೆ ಇಂಥ ಪದಸೂಚಿ ಮಾಡಿಕೊಂಡಿದ್ದರು.

ಅಡಿಕೆಗೆ ತಗಲುವ ‘ಕೊಳೆರೋಗ’, ಅದಕ್ಕೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ದ್ರಾವಣವಾದ ‘ಬೋರ್ಡೋ’ ಎಂಬ ಎರಡು ಪದ ಕೊಟ್ಟು ಕೇಳಿದಾಗ ಯಂತ್ರ ಆ ಎರಡು ಪದಗಳ ಪಟ್ಟಿಗಳನ್ನು ತೆಗೆದು, ಎರಡರಲ್ಲೂ ಇರುವ ಪುಟಗಳನ್ನು ಹೆಕ್ಕುತ್ತದೆ. ಇಲ್ಲಿಯವರೆಗೆ ಸುಲಭ. ಹೆಕ್ಕಿದ್ದರಲ್ಲಿ ಮೊದಲು ತೋರಿಸಬೇಕಾದ್ದು ಯಾವುದು ಎಂಬುದೇ ಕಷ್ಟದ ಪ್ರಶ್ನೆ.

ವೆಬ್ ಹುಟ್ಟುವುದಕ್ಕೂ ಎಷ್ಟೋ ಮೊದಲು, 1972ರಲ್ಲಿ, ಕೇಂಬ್ರಿಜ್‌ನ ಕರೆನ್ ಸ್ಪಾರ್ಕ್ ಜೋನ್ಸ್ ಇದಕ್ಕೊಂದು ದಾರಿ ತೋರಿಸಿದರು. ಕಡಿಮೆ ಪುಟಗಳಲ್ಲಿ ಸಿಗುವ ಪದಕ್ಕೆ ಹೆಚ್ಚು ತೂಕ ಕೊಡಿ ಎಂದರು. ಒಂದು ಸಾವಿರ ಪುಟಗಳಿವೆ ಎಂದುಕೊಳ್ಳಿ. ಸಾವಿರದಲ್ಲೂ ಇರುವ ಪದದ ತೂಕ ಸೊನ್ನೆ. ಹತ್ತರಲ್ಲಿ ಮಾತ್ರ ಇರುವುದಕ್ಕೆ 2, ಒಂದೇ ಒಂದರಲ್ಲಿ ಇರುವುದಕ್ಕೆ 3. ಒಟ್ಟು ಪುಟಗಳನ್ನು ಪದವಿರುವ ಪುಟಗಳಿಂದ ಭಾಗಿಸಿ ಹತ್ತರ ಆಧಾರದ ಲಾಗರಿದಮ್ ತೆಗೆದರೆ ಈ ಅಂಕೆಗಳು ಬರುತ್ತವೆ. ಇಷ್ಟು ಸರಳವಾದ ಲೆಕ್ಕ ಇಷ್ಟು ದೂರ ನಡೆದು ಬಂದದ್ದು ನನಗೆ ಇಂದಿಗೂ ಬೆರಗು. ಪುಟಕ್ಕೆ ಎಷ್ಟು ಕೊಂಡಿಗಳು, ಎಂಥ ಪುಟಗಳಿಂದ ಬರುತ್ತವೆ ಎಂಬುದನ್ನು ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಪೇಜ್ ಮತ್ತು ಸೆರ್ಗೇ ಬ್ರಿನ್ 1998ರಲ್ಲಿ ಲೆಕ್ಕಕ್ಕೆ ತಂದರು. ಈಚೆಗೆ ಅರ್ಥವನ್ನು ಅಂದಾಜಿಸುವ ವಿಧಾನಗಳೂ ಕೂಡಿಕೊಂಡಿವೆ. ಆದರೂ ಪದದ ತೂಕ ಹೋಗಿಲ್ಲ.

‘ಅಡಿಕೆ ಮರಕ್ಕೆ ರೋಗ ಬಂದರೆ ಏನು ಮಾಡಬೇಕು’ ಎಂದು ಕೇಳುವವರು ಹಗುರ ಪದಗಳನ್ನೇ ಹೆಚ್ಚು ಕೊಡುತ್ತಾರೆ. ‘ಏನು’, ‘ಮಾಡಬೇಕು’ ಎಲ್ಲೆಲ್ಲೂ ಇರುತ್ತವೆ. ‘ಕೊಳೆರೋಗ ಮೈಲುತುತ್ತ ಸುಣ್ಣ’ ಎಂದರೆ ಮೂರು ಪದವೂ ತೂಕದವು. ಪ್ರಶ್ನೆಯ ಮಾತು ಬಿಟ್ಟು, ಉತ್ತರ ಬರೆದವರು ಬಳಸಿರಬಹುದಾದ ಮಾತನ್ನು ಊಹಿಸಿ ಬರೆಯುವುದು ಲಾಭ. ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅವು ಅದೇ ಅನುಕ್ರಮದಲ್ಲಿ ಒತ್ತೊತ್ತಾಗಿರುವ ಪುಟಗಳನ್ನು ಹುಡುಕಲು ಹೇಳಿದಂತೆ. ಪದಸೂಚಿಯಲ್ಲಿ ಸ್ಥಾನವನ್ನೂ ಬರೆದಿಟ್ಟದ್ದು ಅದಕ್ಕೇ. ಬೇಡದ ಪದದ ಆರಂಭಕ್ಕೆ ಅಂಟಿಸಿ ಕಳೆಯುವ ಚಿಹ್ನೆ ಹಾಕಿದರೆ ಅದಿರುವ ಪುಟಗಳು ಹೊರಗುಳಿಯುತ್ತವೆ.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೂ ಎರಡು ತೊಡಕುಗಳಿವೆ. ಮರ, ಮರಕ್ಕೆ, ಮರದಲ್ಲಿ, ಮರಗಳಿಂದ ಎಲ್ಲವೂ ನಮಗೆ ಒಂದೇ ಮರ. ಪ್ರತ್ಯಯ ಕಳಚಿ ನೋಡಲು ಕಲಿಯದ ಯಂತ್ರಕ್ಕೆ ನಾಲ್ಕು ಬೇರೆ ಪದಗಳು. ‘ಕೊಳೆರೋಗ’ವನ್ನು ಬಿಡಿಸಿ ‘ಕೊಳೆ ರೋಗ’ ಎಂದು ಬರೆದವರ ಪುಟವೂ ತಪ್ಪಿಹೋಗಬಹುದು. ಹಾಗಾಗಿ ಎರಡೂ ರೂಪಗಳಲ್ಲಿ, ಆದಷ್ಟು ವಿಭಕ್ತಿಯಿಲ್ಲದ ಪದಗಳಲ್ಲಿ ಕೇಳಿ ನೋಡುವುದು ಒಳ್ಳೆಯದು.

ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತದೆ. ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಬರಹ ಅಪಾರವಾಗಿದೆ. ಪರದೆಯ ಮೇಲೆ ಅದು ಅಚ್ಚ ಕನ್ನಡ. ಕಡತದ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳು. ಅಕ್ಷರವನ್ನು ಚಿತ್ರವಾಗಿ ಸ್ಕ್ಯಾನ್ ಮಾಡಿ ಹಾಕಿದ ಪುಸ್ತಕಗಳದೂ ಇದೇ ಪಾಡು. ರೈತರಿಗೆಂದು ಬರೆದ ಕೈಪಿಡಿ ಜಾಲದಲ್ಲೇ ಇದ್ದರೂ ಕನ್ನಡದಲ್ಲಿ ಕೇಳಿದ ರೈತನಿಗೆ ಸಿಗದಿರಬಹುದು. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಸ್ಕ್ಯಾನ್ ಪುಟಗಳ ಕನ್ನಡ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳೂ ಇವೆ. ಇಲಾಖೆಗಳು, ವಿಶ್ವವಿದ್ಯಾಲಯಗಳು ತಮ್ಮ ಹಳೆಯ ಕಡತಗಳನ್ನು ಹೀಗೆ ಬದಲಿಸಿ ಮತ್ತೆ ಜಾಲಕ್ಕೇರಿಸಿದರೆ ಕ್ರಾಲರ್ ಮುಂದಿನ ಸುತ್ತಿನಲ್ಲಿ ಅವನ್ನು ಓದಿಕೊಳ್ಳಬಲ್ಲದು.