ಚಿಪ್ಪಿನೊಳಗಿನ ಟೈಮರ್, ಪಿನ್ನಿಗೆ ಬರುವ ಮಿಡಿತ

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ಮಷಿನ್ನಿನಿಂದ ಹರಿದುಕೊಡುವ ಟಿಕೆಟನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಅಕ್ಷರಗಳೆಲ್ಲ ಸಣ್ಣ ಸಣ್ಣ ಚುಕ್ಕೆಗಳು. ಕಾಗದಕ್ಕೆ ಶಾಖ ಕೊಟ್ಟು ಅಚ್ಚು ಮೂಡಿಸುವ ಇಂಥ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಮಿಲಿಮೀಟರಿಗೆ 8 ಚುಕ್ಕೆಸಾಲು. ಕಾಗದ ಸೆಕೆಂಡಿಗೆ 50 ಮಿಲಿಮೀಟರ್ ಸರಿದರೆ 400 ಸಾಲು. ಸಾಲಿಗೊಂದು ಹೆಜ್ಜೆ ಎಂದಿಟ್ಟುಕೊಂಡರೂ, ಕಾಗದ ಎಳೆಯುವ ಮೋಟಾರಿಗೆ 2.5 ಮಿಲಿಸೆಕೆಂಡಿಗೊಮ್ಮೆ ಒಂದು ಮಿಡಿತ ತಲುಪಲೇಬೇಕು. ಅದು ಹಿಂದುಮುಂದಾದರೆ ಒಂದು ಸಾಲು ಕಪ್ಪಾಗಿ ಇನ್ನೊಂದು ಮಸುಕಾಗಿ, ‘ಹಗರಿಬೊಮ್ಮನಹಳ್ಳಿ’ ಎಂಬಷ್ಟು ಉದ್ದದ ಹೆಸರು ಅಲ್ಲಲ್ಲಿ ಕುಗ್ಗಿ ಹಿಗ್ಗಿ ಬೀಳುತ್ತದೆ.

ಇಂಥ ಮಿಡಿತವನ್ನು ಲಿನಕ್ಸ್ ಓಡುವ ಪುಟ್ಟ ಬೋರ್ಡಿನಿಂದ ಹೊರಡಿಸುವುದು ಹೇಗೆ? ಮೊದಲು ಹೊಳೆಯುವ ದಾರಿ, ಪಿನ್ನನ್ನು ಏರಿಸಿ, ಸ್ವಲ್ಪ ಹೊತ್ತು ಮಲಗಿ, ಎದ್ದು ಇಳಿಸುವ ಪ್ರೋಗ್ರಾಂ ಬರೆಯುವುದು. ಬರೆಯುವುದು ಸುಲಭ, ನಂಬುವುದು ಕಷ್ಟ. ಲಿನಕ್ಸಿನ ತಲೆಯ ಮೇಲೆ ನೆಟ್‌ವರ್ಕ್, ಮೆಮೊರಿ ಕಾರ್ಡ್, ಪರದೆ ಎಂದು ಹತ್ತಾರು ಕೆಲಸಗಳಿರುತ್ತವೆ. ಹೇಳಿದ ಹೊತ್ತಿಗೆ ಮುಂಚೆ ಅದು ಎಬ್ಬಿಸುವುದಿಲ್ಲ, ಆದರೆ ತಡ ಮಾಡುತ್ತದೆ, ಆ ತಡವೂ ಸಲಕ್ಕೊಂದು ತೆರ. ಹಾಗಾಗಿ ಎಣಿಸುವ ಕೆಲಸವನ್ನೇ ಸಾಫ್ಟ್‌ವೇರಿನ ಕೈಯಿಂದ ತೆಗೆದು ಚಿಪ್ಪಿನೊಳಗಿನ ಟೈಮರಿಗೆ ಕೊಡಬೇಕು.

ನಮ್ಮಲ್ಲೇ ಹುಟ್ಟಿದ ಸಿಂಪ್ಯೂಟರನ್ನು ನೋಡೋಣ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರಿನ ಎಂಜಿನಿಯರುಗಳೂ ಸೇರಿ ಬೆಂಗಳೂರಿನಲ್ಲಿ ರೂಪಿಸಿ, 2001ರಲ್ಲಿ ಜನರ ಮುಂದಿಟ್ಟ ಅಂಗೈ ಕಂಪ್ಯೂಟರ್ ಅದು. ಹಳ್ಳಿಯವರ ಕೈಗೂ ಎಟುಕಲಿ ಎಂಬ ದೊಡ್ಡ ಆಸೆ ಅದರ ಹಿಂದಿತ್ತು. ಒಳಗಿದ್ದದ್ದು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಚಿಪ್, ಅದರ ಮೇಲೆ ಲಿನಕ್ಸ್. ಈ ಚಿಪ್ಪಿಗೆ ಸೆಕೆಂಡಿಗೆ 36,86,400 ಸಲ ಕಂಪಿಸುವ ಹರಳು ಬೇಕು. ಅದನ್ನು 56 ಪಟ್ಟು ಹೆಚ್ಚಿಸಿಕೊಂಡರೆ ಪ್ರೊಸೆಸರಿನ 206 ಮೆಗಾಹರ್ಟ್ಸ್. ಅದೇ ಹರಳಿನ ಒಂದೊಂದು ಕಂಪನಕ್ಕೂ ಟೈಮರಿನ ಎಣಿಕೆ ಒಂದೊಂದು ಏರುತ್ತದೆ. ಲಿನಕ್ಸ್ ಪ್ರತಿ ಸಲ 36,864 ಎಣಿಕೆ ಮುಂದಿನ ಗುರುತು ಹಾಕಿಡುತ್ತದೆ. ಎಣಿಕೆ ಆ ಗುರುತು ಮುಟ್ಟಿದೊಡನೆ ಟೈಮರ್ ಪ್ರೊಸೆಸರನ್ನು ಕರೆಯುತ್ತದೆ, ಸೆಕೆಂಡಿಗೆ ಸರಿಯಾಗಿ 100 ಸಲ. ಗಡಿಯಾರಕ್ಕೆಂದೇ ಇರುವ 32,768 ಹರ್ಟ್ಸ್ ಹರಳಿನ ಮಿಡಿತವನ್ನು 27ನೇ ಪಿನ್ನಿನಲ್ಲಿ ನೇರವಾಗಿ ಹೊರಬಿಡುವ ಸೌಲಭ್ಯವೂ ಈ ಚಿಪ್ಪಿಗಿತ್ತು. ಆ ಪಿನ್ನಿನ ಕೆಲಸವನ್ನು ಒಮ್ಮೆ ಗೊತ್ತುಮಾಡಿದರೆ ಆಮೇಲೆ ಪ್ರೊಸೆಸರ್ ಅತ್ತ ತಲೆ ಹಾಕಬೇಕಿಲ್ಲ.

ಲಿನಕ್ಸ್ ಓಡುವ ಈಗಿನ ಬೀಗಲ್‌ಬೋನ್ ಬೋರ್ಡಿನಲ್ಲಿ ಟೈಮರಿಗೆ 24 ಮೆಗಾಹರ್ಟ್ಸ್ ಸಿಗುತ್ತದೆ. ನಮಗೆ ಬೇಕಾದ 400 ಹರ್ಟ್ಸಿಗೆ 60,000 ಎಣಿಕೆ. ಟೈಮರ್ 32 ಬಿಟ್ ತುಂಬುವವರೆಗೆ ಮೇಲಕ್ಕೆ ಎಣಿಸುವುದರಿಂದ, ತುಂಬಲು 60,000 ಬಾಕಿ ಇರುವ ಸಂಖ್ಯೆಯಿಂದ ಅದನ್ನು ಹೊರಡಿಸಬೇಕು. ನಡುದಾರಿಯಲ್ಲಿ, 30,000ಕ್ಕೆ, ಒಂದು ಗುರುತು. ಗುರುತು ಸಿಕ್ಕಾಗ ಒಮ್ಮೆ, ತುಂಬಿದಾಗ ಇನ್ನೊಮ್ಮೆ ಪಿನ್ ತಾನೇ ಬದಲಾಗುತ್ತದೆ. ಈ ಲೆಕ್ಕವನ್ನು ನಾವು ಕೈಯಾರೆ ಮಾಡಬೇಕಿಲ್ಲ. ಬೋರ್ಡಿನಲ್ಲಿ ಏನೇನಿದೆ ಎಂದು ಲಿನಕ್ಸಿಗೆ ತಿಳಿಸುವ ಡಿವೈಸ್ ಟ್ರೀಯಲ್ಲಿ ಪಿನ್ನನ್ನು ಟೈಮರಿಗೆ ಒಪ್ಪಿಸಿ, ಇಂಥ ಮಿಡಿತಕ್ಕೆಂದೇ ಲಿನಕ್ಸಿನಲ್ಲಿರುವ ಪಿಡಬ್ಲ್ಯುಎಂ ಕಡತಗಳಲ್ಲಿ ಅವಧಿ 25,00,000 ನ್ಯಾನೋಸೆಕೆಂಡ್, ಏರಿರುವ ಹೊತ್ತು 12,50,000 ಎಂದು ಬರೆದರೆ ಮುಗಿಯಿತು. ಆಮೇಲೆ ಲಿನಕ್ಸ್ ಎಷ್ಟೇ ತಡವರಿಸಿದರೂ ಆಸಿಲೋಸ್ಕೋಪಿನ ಗೆರೆ ಕದಲುವುದಿಲ್ಲ.

ಆದರೆ ಟೈಮರ್ ಪೂರ್ಣಸಂಖ್ಯೆಗಳಲ್ಲೇ ಭಾಗಿಸಬಲ್ಲದು. ಧ್ವನಿಮುದ್ರಣಕ್ಕೆ 44,100 ಹರ್ಟ್ಸ್ ಬೇಕೆನ್ನಿ. 24 ಮೆಗಾಹರ್ಟ್ಸನ್ನು 544ರಿಂದ ಭಾಗಿಸಿದರೆ ಸಿಗುವುದು ಸುಮಾರು 44,117.6. ವ್ಯತ್ಯಾಸ ಹತ್ತು ಸಾವಿರಕ್ಕೆ ನಾಲ್ಕು ಅಷ್ಟೆ. ಆದರೂ ಕೊಟ್ಟೂರಿನ ತೇರಿನ ದಿನ ಒಂದು ಗಂಟೆ ಹೀಗೆ ಮುದ್ರಿಸಿಕೊಂಡು ಬೇರೆ ಕ್ಯಾಮೆರಾದ ಚಿತ್ರಕ್ಕೆ ಜೋಡಿಸಿದರೆ, ಕೊನೆಗೆ ಸಮಾಳದ ಪೆಟ್ಟು ಕಂಡು 1.4 ಸೆಕೆಂಡು ಕಳೆದ ಮೇಲೆ ಸದ್ದು ಕೇಳುತ್ತದೆ. ಆದ್ದರಿಂದಲೇ ಎಷ್ಟೋ ಆಡಿಯೋ ಬೋರ್ಡುಗಳಲ್ಲಿ 11.2896 ಮೆಗಾಹರ್ಟ್ಸಿನ ಪ್ರತ್ಯೇಕ ಹರಳು ಕೂರಿಸುತ್ತಾರೆ. ಅದನ್ನು 256ರಿಂದ ಭಾಗಿಸಿದರೆ ಶೇಷವಿಲ್ಲದೆ 44,100.