ಯೋಧನ ಮನೆಯ ಗಾಯ

ರಣರಂಗದಲ್ಲಿ ಮುಗಿದ ಯುದ್ಧವು ಯೋಧನ ಮನೆಯಲ್ಲಿ ಮುಗಿಯದೆ ಉಳಿಯುವುದುಂಟು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸಂಕಟವನ್ನು ಕಂಡ ಬಳಿಕ, 1980ರಲ್ಲಿ ಅಮೆರಿಕದ ಮನೋವೈದ್ಯರು ಈ ಆಘಾತವನ್ನು ವ್ಯಾಧಿಯೆಂದು ಅಂಗೀಕರಿಸಿದರು. ಪೀಡಿತನು ನಿದ್ರೆಯಲ್ಲಿ ಬೆಚ್ಚುವನು, ಜನಸಂದಣಿಗೆ ಅಂಜುವನು, ಹೆಂಡತಿಯೊಡನೆಯೂ ಮನಬಿಚ್ಚನು. ಆಕೆಯಾದರೋ ಪ್ರೀತಿಯಿಂದ ಅವನನ್ನು ಪೇಟೆಗೆ ಕಳುಹಿಸಳು, ಹಳೆಯ ಮಾತನ್ನೆತ್ತಳು. ತಪ್ಪಿಸಿಕೊಂಡಷ್ಟೂ ಭಯವು ಬೆಳೆಯುವುದರಿಂದ ಆ ಪ್ರೀತಿಯೇ ರೋಗವನ್ನು ಪೋಷಿಸುವುದು. ಆದುದರಿಂದ ಕ್ಯಾಂಡಿಸ್ ಮಾನ್ಸನ್ ಮೊದಲಾದವರು ದಂಪತಿಗಳನ್ನು ಒಟ್ಟಿಗೆ ಕುಳ್ಳಿರಿಸಿ 15 ಸಲ ನಡೆಸುವ ಚಿಕಿತ್ಸೆಯನ್ನು ರೂಪಿಸಿದರು. ಯೋಧರೂ ಇತರರೂ ಸೇರಿದ 40 ದಂಪತಿಗಳಲ್ಲಿ ಇದನ್ನು ಪರೀಕ್ಷಿಸಿ 2012ರಲ್ಲಿ ಫಲವನ್ನು ಪ್ರಕಟಿಸಿದರು: ವ್ಯಾಧಿಯು ತಗ್ಗಿತು, ರೋಗಿಗಳಿಗೆ ದಾಂಪತ್ಯದಲ್ಲಿ ತೃಪ್ತಿಯು ಹೆಚ್ಚಿತು. ಯೋಧನನ್ನು ರಣಕ್ಕೆ ಕಳುಹಿಸುವ ಯಾವ ಸರ್ಕಾರವೂ ವಿಶ್ರಾಂತಿವೇತನವನ್ನು ಕೊಟ್ಟ ಮಾತ್ರಕ್ಕೆ ಋಣಮುಕ್ತವಾಗದು. ಅವನ ಮನೆಯನ್ನೂ ಅವನಿಗೆ ಮರಳಿಸಿಕೊಡತಕ್ಕದ್ದು.